ನಾಲ್ವರಲ್ಲಿ ಕೆಳಗಿನ ದನಿ

ನನಗೊಂದು ಚಟವಿದೆ. ಬೀಡಿ, ಗುಟಕಾದಂಥದ್ದಲ್ಲ, ಅವನ್ನು ಬಿಡಿಸಲು ಡಾಕ್ಟರರಾದರೂ ಸಿಗುತ್ತಾರೆ. ಎಲ್ಲಿ ಏನೇ ಗುಂಯ್‌ಗುಡಲಿ, ಅದರ ಶ್ರುತಿ ಹಿಡಿದು ನಾನೂ ಗಂಟಲೊಳಗೇ 'ಹ್ಞೂಂ' ಎಂದು ಜೊತೆಗೂಡುವ ಚಟ. ಫ್ರಿಜ್ಜು, ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನು, ಆಫೀಸಿನ ಕಾಫಿ ಮಷೀನು, ಯಾವುದೂ ನನ್ನಿಂದ ತಪ್ಪಿಸಿಕೊಂಡಿಲ್ಲ. ಕಳೆದ ವಾರ, ನಾನೀಗ ಇರುವ ಜರ್ಮನಿಯ ಕಾರ್ಲ್ಸ್‌ರುಹೆ ಊರಿನ ಟ್ರಾಮಿನಲ್ಲಿ ಹೀಗೇ ಮೋಟರಿನ ಜೊತೆ ಮೈಮರೆತು ಕೂತಿದ್ದೆ. ಎದುರಿನ ಸೀಟಿನ ಮುದುಕಿ ಕಾಲ ಬಳಿಯಿದ್ದ ತನ್ನ ನಾಯಿಯ ತಲೆಗೆ ಮೆತ್ತಗೆ ತಟ್ಟಿ, ಗುರುಗುಟ್ಟಬೇಡ ಎಂದು ಗದರಿದಳು. ಪಾಪ, ನಾಯಿ ನಿದ್ದೆಯಲ್ಲಿತ್ತು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ.

ಇದಕ್ಕೆಲ್ಲ ಮೂಲ ನನ್ನ ಗಂಟಲು. ಆಳು ನಾನು ಒಣಕಲು. ಗಾಳಿ ಜೋರಾಗಿ ಬೀಸಿದರೆ ಹೆಂಡತಿ ಕೈ ಹಿಡಿದುಕೊಳ್ಳುತ್ತಾಳೆ, ಪ್ರೀತಿಯಿಂದಲ್ಲ. ದನಿ ಮಾತ್ರ ಯಾವುದೋ ಪೈಲವಾನನಿಗೆ ಹೊರಟದ್ದು ವಿಳಾಸ ತಪ್ಪಿ ನನಗೆ ಬಂದಿದೆ. ಗದಗಿನ ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆಯ ಮೊದಲ ದಿನ ನನ್ನ 'ಹಾಜರ್ ಸರ್' ಕೇಳಿದ ಮಾಸ್ತರರು ತಲೆ ಎತ್ತದೆಯೇ, "ಯಾರ ತಂದಿಯವ್ರು ಬಂದೀರಿ? ಸ್ವಲ್ಪ ಹೊರಗ ಕುಂದರ್ರಿ" ಎಂದಿದ್ದರು. ಮುಂದೆ ಮದುವೆಯ ಮಾತುಕತೆ ನಡೆದಾಗ ಸುಜಾತಾಳ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದೆ, ಮೂರನೇ ಸಲ ಮನೆಗೇ ಹೋದೆ. ಅವಳು ಚಹಾ ಕೊಟ್ಟು, ನನ್ನ ಹಿಂದೆ ಇನ್ನಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿ, "ಫೋನಿನ್ಯಾಗ ನೀವು ಇಷ್ಟ ಸಣ್ಣ ಇದ್ದಿದ್ದಿಲ್ಲರಿ" ಎಂದಳು. ಆದರೂ ಒಪ್ಪಿದಳು. ಯಾಕೆ ಎಂದು ಇನ್ನೂ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ.

ನನ್ನ ಅವ್ವನಿಗೆ ಭಜನೆಯ ಹುಚ್ಚು. ಸೋಮವಾರ ಸಂಜೆ ಓಣಿಯ ಏಳೆಂಟು ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು. ಜಮಖಾನೆ, ತಾಳ, ನಡುವೆ ಒಂದು ಶ್ರುತಿಪೆಟ್ಟಿಗೆ, ಕೊನೆಗೆ ಮಂಡಕ್ಕಿ ಸೂಸಲಾ. ಸೂಸಲಾದ ಆಸೆಗೆ ಚಿಕ್ಕಂದಿನಲ್ಲಿ ನಾನೂ ಕೂತು ಹಾಡುತ್ತಿದ್ದೆ. ದನಿ ಒಡೆದ ಮೇಲೆ ಒಂದು ಸೋಮವಾರ ಬಾಯಿ ತೆರೆದದ್ದೇ ತಡ, ತಾಳ ಹಿಡಿದಿದ್ದ ಗಂಗಕ್ಕ ಗಾಬರಿಯಾಗಿ, "ಅಯ್ಯ, ಓಣ್ಯಾಗ ಯಾರದವಾ ಟ್ರ್ಯಾಕ್ಟರ್?" ಎಂದಳು. ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ಅವ್ವ ನಗಲಿಲ್ಲ. ಶ್ರುತಿಪೆಟ್ಟಿಗೆಯನ್ನು ನನ್ನ ಮುಂದೆ ಸರಿಸಿ, "ನೀ ಇದನ್ನ ಒತ್ತಪಾ. ಕೈ ನಿಲ್ಲಸಬ್ಯಾಡ. ಶ್ರುತಿ ಬಿಟ್ರ ಹಾಡಿನ ಕತಿ ಮುಗೀತು" ಎಂದಳು. ಆವತ್ತಿನಿಂದ ಕಾಲೇಜಿಗೆ ಹೋಗುವವರೆಗೆ ನಾನು ಒತ್ತಿದೆ, ಹಾಡಲಿಲ್ಲ. ಹಾಡುವವರು ಎತ್ತ ಹೋದರೂ ಶ್ರುತಿ ಇದ್ದಲ್ಲೇ ಇರಬೇಕು ಎಂಬುದು ಮಾತ್ರ ಕಿವಿಯಲ್ಲಿ ಗಟ್ಟಿಯಾಗಿ ಕೂತಿತು. ಬೇಜಾರಾಗಿತ್ತೇ ಎಂದು ಕೇಳಿದರೆ, ಹೌದು, ಬಹಳ ಆಗಿತ್ತು.

ಇಷ್ಟು ಪೀಠಿಕೆ ಯಾಕೆಂದರೆ, ಆ ಟ್ರ್ಯಾಕ್ಟರನ್ನು ಬೇಕು ಎಂದು ಕೇಳಿಕೊಂಡು ಬಂದವರು ಜೀವನದಲ್ಲಿ ಒಬ್ಬರೇ. ಅವರು ನಮ್ಮ ಕೆಳಗಿನ ಮನೆಯ ವೆರ್ನರ್, ಎಪ್ಪತ್ತೊಂದರ ನಿವೃತ್ತ ಟ್ರಾಮ್ ಚಾಲಕ. ನಮ್ಮ ಕಟ್ಟಡದಲ್ಲಿ ಕೇರ್‌ವೊಖೆ ಎಂಬ ಪದ್ಧತಿ ಉಂಟು. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕಿರುತ್ತದೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಒಂದು ಶನಿವಾರ ನಾನು ಮೆಟ್ಟಿಲು ಒರೆಸುತ್ತ, ಯಾರೂ ಇಲ್ಲವೆಂದು, ಮೇಲೆ ಯಾರದೋ ಮನೆಯ ವಾಷಿಂಗ್ ಮಷೀನಿನ ಶ್ರುತಿಗೆ ಸೇರಿಕೊಂಡಿದ್ದೆ. ವೆರ್ನರ್ ಬಾಗಿಲು ತೆರೆದು ನಿಂತರು. ಬೈಸಿಕೊಳ್ಳಲು ತಯಾರಾದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ವೆರ್ನರ್ ಮತ್ತು ಅವರ ಗೆಳೆಯರು ಮಾತಾಡುವುದು ಜರ್ಮನ್. ಆದರೆ ನನ್ನ ತಲೆಯೊಳಗೆ ಅದು ಗದಗಿನ ಕನ್ನಡವಾಗಿಯೇ ಇಳಿಯುತ್ತದೆ, ಏನು ಮಾಡಿದರೂ ಬೇರೆ ಆಗುವುದಿಲ್ಲ. ಹಾಗೇ ಬರೆಯುತ್ತೇನೆ, ಸಹಿಸಿಕೊಳ್ಳಿ.

"ಇನ್ನೊಮ್ಮೆ ಅನ್ನು," ಎಂದರು ವೆರ್ನರ್.

"ಏನನ್ನರಿ?"

"ಈಗ ಅಂದ್ಯಲ್ಲ, ಅದನ್ನ. ಇನ್ನಷ್ಟು ಕೆಳಗ ಹೋಗತೈತೇನು?"

ನಾನು ಒರೆಸುವ ಕೋಲು ಹಿಡಿದುಕೊಂಡೇ ಕೆಳಗೆ ಹೋದೆ. ಮೆಟ್ಟಿಲಿನಲ್ಲಿ ಅಲ್ಲ, ದನಿಯಲ್ಲಿ. ಅವರ ಬಾಗಿಲ ಬಳಿಯ ಛತ್ರಿ ಸ್ಟ್ಯಾಂಡು ಝಣಝಣ ಎಂದಿತು. ವೆರ್ನರ್ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: "ಏ, ಬಾ ಇಲ್ಲೆ! ಬಾಸ್ ಸಿಕ್ಕಾನ! ಮೂರನೇ ಮಜಲ್ಯಾಗ ಇದ್ದಾನ!"

ಅವರದೊಂದು ಬಾರ್ಬರ್‌ಶಾಪ್ ಕ್ವಾರ್ಟೆಟ್. ನಾಲ್ಕೇ ಜನ, ವಾದ್ಯ ಒಂದೂ ಇಲ್ಲ. ಹಾಡಿನ ಧಾಟಿ ಹಾಡುವವನು ಲೀಡ್, ಅದು ವೆರ್ನರ್. ಅವನ ಮೇಲೆ ತೆಳ್ಳಗಿನ ದನಿಯ ಟೆನರ್, ಅದು ಮಾರ್ಟಿನ್. ಆನೆಯಂಥ ಆಳು, ಗುಬ್ಬಿಯಂಥ ದನಿ. ಉಳಿದ ಸಂದುಗೊಂದುಗಳ ಸ್ವರವನ್ನೆಲ್ಲ ತುಂಬುವವನು ಬ್ಯಾರಿಟೋನ್, ಅದು ರೋಲ್ಫ್, ನಿವೃತ್ತ ಗಣಿತದ ಮೇಷ್ಟ್ರು. ಎಲ್ಲರಿಗಿಂತ ಕೆಳಗೆ ಬಾಸ್. ಆ ಜಾಗ ಖಾಲಿಯಾಗಿತ್ತು. ಹಿಂದೊಂದು ಕಾಲಕ್ಕೆ ಅಮೆರಿಕದ ಕ್ಷೌರದಂಗಡಿಗಳಲ್ಲಿ ಸರದಿಗೆ ಕಾಯುವವರು ಹೀಗೆ ಕೂಡಿ ಹಾಡುತ್ತಿದ್ದರಂತೆ, ಅದಕ್ಕೇ ಆ ಹೆಸರಂತೆ. ನಂಬುವುದು ನನಗೆ ಕಷ್ಟವಾಯಿತು. ಗದಗಿನಲ್ಲಿ ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಕಾಯುವವರು ಒಂದೇ ಪೇಪರನ್ನು ನಾಲ್ಕು ಹಾಳೆ ಮಾಡಿ ಹಂಚಿಕೊಂಡು, ರಾಜಕೀಯಕ್ಕೆ ಜಗಳಾಡುತ್ತಿದ್ದರು. ಹಾಡಿದ್ದನ್ನು ಕಂಡಿಲ್ಲ. ಅವ್ವನಿಗೆ ಫೋನಿನಲ್ಲಿ ವಿವರಿಸಿದೆ. ಆಕೆ, "ಅಲ್ಲೋ ಶಿವಾನಂದ, ಅಷ್ಟ್ ದೂರ ಹೋಗಿ ಕಟಿಂಗ್ ಅಂಗಡ್ಯಾಗ ಹಾಡ್ತಿಯೇನು? ಕೆಲಸ ಐತಿಲ್ಲೋ?" ಎಂದಳು. ಕೆಲಸ ಇದೆ, ಕಾರಿನ ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯಲ್ಲೇ ಇದ್ದೇನೆ ಎಂದು ಹೇಳಿ ಸಮಾಧಾನ ಮಾಡಿದೆ.

ಪ್ರತಿ ಮಂಗಳವಾರ ಸಂಜೆ ಆರಕ್ಕೆ ನಮ್ಮ ಕಟ್ಟಡದ ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಸೈಕಲ್ಲುಗಳ ನಡುವೆ ತಾಲೀಮು. ಮೊದಲ ದಿನವೇ ಒಂದು ವಿಚಿತ್ರ ನಡೆಯಿತು. ನಾಲ್ವರೂ ತಮ್ಮ ತಮ್ಮ ಸ್ವರ ಕೂಡಿಸಿ ಒಂದು ಸ್ವರಗುಚ್ಛ ಹಿಡಿದು ನಿಂತೆವು. ಸರಿಯಾಗಿ ಕೂಡಿದಾಗ, ಯಾರೂ ಹಾಡದ ಒಂದು ಎತ್ತರದ ಸ್ವರ ತಲೆಯ ಮೇಲೆ ಎಲ್ಲೋ ಕೇಳಿಸಿತು. ನಾನು ತಲೆ ಎತ್ತಿ ಪೈಪುಗಳ ಕಡೆ ನೋಡಿದೆ. "ಪೈಪಲ್ಲ, ಅದು ನಾವ," ಎಂದರು ಮಾರ್ಟಿನ್. ಕೆಳಗಿನ ದನಿ ಭದ್ರವಾಗಿದ್ದರೆ ಮಾತ್ರ ಮೇಲೆ ಅದು ಹುಟ್ಟುವುದಂತೆ. ಬಾಸಿನ ರುಚಿ ಇರುವುದು ಅಲ್ಲೇ. ಧಾಟಿ ಲೀಡಿನ ಪಾಲು, ಚಪ್ಪಾಳೆ ಟೆನರಿನ ಪಾಲು. ಬಾಸಿನವನಿಗೆ ಸಿಗುವುದು ಹೆಚ್ಚಾಗಿ ಬುಂ ಬುಂ ಅಷ್ಟೇ. ಸುಜಾತಾ ಒಮ್ಮೆ ನಮ್ಮ ಒಂದು ವಿರಹದ ಹಾಡು ಕೇಳಿ, "ಎಲ್ಲಾರೂ ಆ ಹುಡುಗಿ ಊರು ಬಿಟ್ಟು ಹೋದಳು ಅಂತ ಅಳಾಕತ್ತಾರ, ನೀವೊಬ್ಬರ ಬುಂ ಬುಂ ಅಂತ ಆಕಿನ್ನ ಕಳಸಾಕತ್ತೀರಿ" ಎಂದಳು. ಆದರೆ ಆ ಬುಂ ಬುಂ ನಿಂತರೆ ಉಳಿದ ಮೂವರ ಹಾಡು ಒಮ್ಮೆಲೇ ಬಡವಾಗುತ್ತದೆ. ಕೇಳುವವರಿಗೂ ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಮೂರು ಜನರ ಹಾಡು ಕೇಳುತ್ತ ನಾಲ್ಕನೆಯವನ ಮುಖ ಹುಡುಕುತ್ತಾರೆ. ಹುಡುಕಿ, ನನ್ನನ್ನು ಕಂಡು, ಇನ್ನೊಮ್ಮೆ ಹುಡುಕುತ್ತಾರೆ.

ತಾಲೀಮಿಗೆ ಐದನೆಯವರೊಬ್ಬರು ಬರುತ್ತಿದ್ದರು. ಹಾರ್ಸ್ಟ್. ಇಪ್ಪತ್ತೆರಡು ವರ್ಷ ಈ ಗುಂಪಿನ ಬಾಸ್ ಅವರೇ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಗಿ, ಈಗ ಹೇಳುವುದನ್ನೆಲ್ಲ ಒಂದು ಸಣ್ಣ ನೋಟ್‌ಪ್ಯಾಡಿನಲ್ಲಿ ಬರೆದು ತೋರಿಸುತ್ತಾರೆ. ಮಡಚುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುವರು, ಏಳೂವರೆಗೆ ಎದ್ದು ಹೋಗುವರು. ವಾರದಲ್ಲಿ ಅವರು ಮನೆಯಿಂದ ಹೊರಗೆ ಬರುವುದು ಅದೊಂದೇ ಸಲ ಎಂದು ವೆರ್ನರ್ ಹೇಳಿದ್ದರು. ಬಾಸ್ ಸಿಗದ ಎಂಟು ತಿಂಗಳು ತಾಲೀಮೇ ಇರಲಿಲ್ಲ. ಆಗ ಹಾರ್ಸ್ಟ್ ಕಿಟಕಿಯ ಪರದೆ ಕೂಡ ತೆಗೆಯುತ್ತಿರಲಿಲ್ಲವಂತೆ. ನನ್ನ ದನಿ ನಿಂತರೆ ಅವರ ಮಂಗಳವಾರವೂ ನಿಲ್ಲುತ್ತದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ನನಗೆ ಅಡ್ಡಬಂದವರು ರೋಲ್ಫ್. ಕೆಟ್ಟವರಲ್ಲ, ಗಣಿತದ ಮೇಷ್ಟ್ರು ಅಷ್ಟೇ. ಊರು ಬಿಟ್ಟ ಹುಡುಗಿಯ ಹಾಡಿನ ಕೊನೆಗೆ ಬಾಸ್ ಒಂದೊಂದೇ ಮೆಟ್ಟಿಲು ಇಳಿದು ಬಹಳ ಕೆಳಗಿನ ಒಂದು ಸ್ವರದಲ್ಲಿ ನಿಲ್ಲಬೇಕು. ನಾನು ಅಲ್ಲಿಗೆ ಬಂದಾಗಲೆಲ್ಲ ರೋಲ್ಫ್ ನಿಟ್ಟುಸಿರು ಬಿಟ್ಟು, "ಹಾರ್ಸ್ಟನ ಕಡೀ ಸ್ವರ ಅಂದ್ರ! ನನ್ನ ಅಂಗಾಲಿಗೆ ತಿಳೀತಿತ್ತು" ಎನ್ನುತ್ತಿದ್ದರು. ಹಾರ್ಸ್ಟ್ ಕಣ್ಣು ತೆರೆಯುತ್ತಿರಲಿಲ್ಲ. ಆ ಸ್ವರ ನನ್ನ ಗಂಟಲಿನ ತಳ. ಅದರ ಕೆಳಗೆ ಇಳಿಯುವುದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಇವರು ಶ್ರುತಿ ಇಟ್ಟುಕೊಳ್ಳುವುದಿಲ್ಲ! ವೆರ್ನರ್ ಬಿಸ್ಕತ್ತಿನಷ್ಟಗಲದ ಒಂದು ಪಿಚ್ ಪೈಪನ್ನು ಶುರುವಿನಲ್ಲಿ ಒಮ್ಮೆ ಪೀ ಎಂದು ಊದಿ ಜೇಬಿಗೆ ಹಾಕಿಕೊಳ್ಳುವರು. ಮುಗಿಯಿತು. ಹಾಡು ಮುಗಿಯುವವರೆಗೆ ಶ್ರುತಿಯ ಯೋಗಕ್ಷೇಮ ಕೇಳುವವರಿಲ್ಲ. ನನಗೆ ತಡೆಯಲಾಗಲಿಲ್ಲ. ವರ್ಷಗಟ್ಟಲೆ ಪೆಟ್ಟಿಗೆ ಒತ್ತಿದ ಕೈ ಇದು. ಇವರಿಗೆ ಗೊತ್ತಿಲ್ಲದಿದ್ದರೇನು, ನಾನೇ ಶ್ರುತಿಯಾಗಿ ನಿಂತರಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ದೊಡ್ಡ ಸೇವೆ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ.

ಜೂನಿನಲ್ಲಿ ನಮ್ಮ ಬೀದಿಯ ಹಬ್ಬ. ಉದ್ದ ಮೇಜುಗಳು, ಸುಟ್ಟ ಸಾಸೇಜಿನ ಹೊಗೆ, ನನ್ನ ಪಾಲಿಗೆ ಆಲೂಗಡ್ಡೆ ಸಲಾಡು. ನಾಲ್ವರೂ ವೇದಿಕೆ ಹತ್ತಿ ಊರು ಬಿಟ್ಟ ಹುಡುಗಿಯನ್ನು ಶುರುಮಾಡಿದೆವು. ಮೊದಲ ಚರಣ ಚೆನ್ನಾಗಿತ್ತು. ಎರಡನೆಯದರಲ್ಲಿ ನನಗೆ ತಿಳಿಯಿತು: ಮೂವರೂ ಕೂದಲೆಳೆಯಷ್ಟು ಕೆಳಗೆ ಜಾರುತ್ತಿದ್ದಾರೆ. ವಯಸ್ಸಾದ ಗಂಟಲು, ಬಿಸಿಲು, ಜೊತೆಗೆ ಒಂದೊಂದು ಗ್ಲಾಸು ಬಿಯರು. ಮೂವರೂ ಕೂಡಿಯೇ ಜಾರಿದ್ದರಿಂದ ಕೇಳುವವರಿಗೆ ಗೊತ್ತೇ ಆಗುವಂತಿರಲಿಲ್ಲ. ಗೊತ್ತಾಗುವಂತೆ ಮಾಡಿದವನು ನಾನು. ಅವರು ಜಾರಿದಷ್ಟೂ ನಾನು ಪೈಪಿನ ಸ್ವರಕ್ಕೆ ಜೋತುಬಿದ್ದೆ. ಅವರನ್ನು ಮೇಲೆ ಎಳೆಯಬೇಕೆಂದು ಇನ್ನೂ ಜೋರಾಗಿ ಹಾಡಿದೆ. ವೆರ್ನರ್ ಗಾಬರಿಯಿಂದ ನನ್ನ ಕಡೆ ನೋಡಿದರು, ಮಾರ್ಟಿನ್ ನಿಲ್ಲಿಸಿಯೇಬಿಟ್ಟರು. ಮುಂದಿನ ಸಾಲಿನ ಒಂದು ಮಗು ಎರಡೂ ಕಿವಿ ಮುಚ್ಚಿಕೊಂಡಿತು. ಕೊನೆಯ ಸ್ವರ ಮುಟ್ಟಿದಾಗ ನಾನೊಬ್ಬನೇ ಉಳಿದಿದ್ದೆ.

ಕೆಳಗಿಳಿದ ಕೂಡಲೇ ನಾನು ವೆರ್ನರರ ಜೇಬಿನಲ್ಲಿದ್ದ ಪೈಪು ಕೇಳಿ ಪಡೆದು ಊದಿದೆ. "ನೋಡ್ರಿ! ನಾ ಹಿಡದದ್ದು ಬರೋಬರಿ ಇತ್ತು!"

"ಹೌದು, ಬರೋಬರಿ ಇತ್ತು," ಎಂದರು ರೋಲ್ಫ್. "ಇನ್ನ ಮುಂದ ಪೈಪಿನ ಜೋಡಿನ ಹಾಡಿಕೋ."

ಮನೆಗೆ ಬಂದು ಸುಜಾತಾಳಿಗೆ ನ್ಯಾಯ ಕೇಳಿದೆ. ಅವಳು ತಟ್ಟೆ ಒರೆಸುತ್ತ, "ನಿಮ್ದು ಖರೇನ ಇತ್ತು ಬಿಡ್ರಿ. ಆದ್ರ ಮೂರು ಮಂದಿ ಮುದುಕರು ದಣದು ಇಳ್ಯಾಕತ್ತಾಗ ನೀವು ಮ್ಯಾಲೆ ನಿಂತು ವದರಿದ್ರ ಹ್ಯಾಂಗ?" ಎಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಮೂರನೇ ದಿನ ಗೊತ್ತಾಯಿತಂತೆ.

ಮರುವಾರ ವೆರ್ನರ್ ಮೆಟ್ಟಿಲಲ್ಲಿ ನಿಲ್ಲಿಸಿ ಸುದ್ದಿ ಹೇಳಿದರು. ಇನ್ನು ಮೂರು ವಾರಕ್ಕೆ ಹಾರ್ಸ್ಟರ ಎಪ್ಪತ್ತೈದನೇ ಹುಟ್ಟುಹಬ್ಬ. ಅಲ್ಲಿ ಅದೇ ಹಾಡು ಹಾಡಬೇಕು. ಅದೂ ಕೆಟ್ಟರೆ ತಾನು ಬಿಡುತ್ತೇನೆ, ಗುಂಪು ಮುಚ್ಚಿದಂತೆ ಎಂದು ರೋಲ್ಫ್ ಹೇಳಿದ್ದರು. "ಹಾರ್ಸ್ಟಗ ಇನ್ನೂ ಹೇಳಿಲ್ಲ," ಎಂದರು ವೆರ್ನರ್. "ಹೇಳೋದು ಹ್ಯಾಂಗಂತ ತಿಳೀವಲ್ದು." ಅವರ ಮುಖ ನೋಡಲಾಗಲಿಲ್ಲ. ನನ್ನ ದನಿ ಬೇಕು ಎಂದವರು ನಲವತ್ತು ವರ್ಷಕ್ಕೆ ಒಬ್ಬರು ಸಿಕ್ಕಿದ್ದರು, ಅವರ ಗುಂಪಿನ ಮಂಗಳವಾರವನ್ನೇ ನಾನು ಮುರಿಯಲು ಹೊರಟಿದ್ದೆ.

ಹೇಳದಿದ್ದರೂ ಹಾರ್ಸ್ಟರಿಗೆ ತಿಳಿದಿತ್ತು ಎಂದು ಕಾಣುತ್ತದೆ. ಮುಂದಿನ ಮಂಗಳವಾರ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಕೆಲ್ಲರಿಗೆ ಬಂದು ಕೂತಿದ್ದರು. ಪ್ಯಾಡಿನಲ್ಲಿ ಬರೆದು ತೋರಿಸಿದರು: 'ಪೈಪು ಕೇಳಬ್ಯಾಡ. ವೆರ್ನರನ್ನ ಕೇಳು. ಅವ ಇಳದರ ನೀನೂ ಇಳಿ.'

"ಅದು ತಪ್ಪಲ್ಲೇನ್ರಿ?" ಎಂದೆ.

ಅವರು ಪ್ಯಾಡನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮತ್ತೆ ಬರೆದರು: 'ತಪ್ಪು. ಇಪ್ಪತ್ತೆರಡು ವರ್ಷ ಅದನ್ನ ಮಾಡೀನಿ.'

ಆಗ ನಾನು ನಿಜ ಹೇಳಿದೆ. ನನ್ನ ಹಠದೊಳಗೆ ಹೆದರಿಕೆಯೂ ಇತ್ತು. ಆ ಮೂವರ ಜೊತೆ ನಾನೂ ಜಾರಿದರೆ ಕೊನೆಯ ಸ್ವರವೂ ಜಾರುತ್ತದೆ. ನನ್ನ ಗಂಟಲಿನ ತಳಕ್ಕಿಂತ ಕೆಳಗೆ ಹೋಗುತ್ತದೆ. ಅಲ್ಲಿ ನನ್ನ ಬಳಿ ಏನೂ ಇಲ್ಲ. ಹಾರ್ಸ್ಟ್ ಪೆನ್ನು ಎತ್ತಿದರು, ಏನೋ ಬರೆಯಲು ಹೋಗಿ ಬಿಟ್ಟರು. ಅಷ್ಟರಲ್ಲಿ ರೋಲ್ಫ್ ಬಂದರು.

ಉಳಿದ ದಿನಗಳಲ್ಲಿ ನಾನು ಇಳಿಯುವುದನ್ನು ಕಲಿತೆ. ಹೇಳಿದಷ್ಟು ಸುಲಭವಲ್ಲ ಅದು. ಕಿವಿ ಅಲ್ಲೇ ನಿಲ್ಲು ಎನ್ನುತ್ತದೆ, ಪಕ್ಕದವನ ಗಂಟಲು ಬಾ ಎನ್ನುತ್ತದೆ. ವೆರ್ನರರ ಉಸಿರು ನೋಡುತ್ತ, ಅವರ ಭುಜ ಕುಗ್ಗಿದಾಗ ನನ್ನ ಸ್ವರವನ್ನೂ ಒಂದಿಷ್ಟು ಸಡಿಲಿಸಿದೆ. ಮೊದಮೊದಲು ಕಳ್ಳತನ ಮಾಡಿದಂತೆ ಎನಿಸಿತು. ಫೋನಿನಲ್ಲಿ ಅವ್ವನಿಗೆ ಈ ಸಂಗತಿ ಮಾತ್ರ ಹೇಳಲಿಲ್ಲ.

ಹುಟ್ಟುಹಬ್ಬ ಚರ್ಚಿನ ಪಕ್ಕದ ಸಭಾಭವನದಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ, ಕಾಫಿ-ಕೇಕಿನ ಹೊತ್ತಿಗೆ. ಹಾರ್ಸ್ಟ್ ಮುಂದಿನ ಮೇಜಿನಲ್ಲಿ, ಮುಂದೆ ಪ್ಲಮ್ ಕೇಕು. ಸುಜಾತಾ ಗೋಡೆಯ ಬಳಿ ನಿಂತು ನನಗಿಂತ ಹೆಚ್ಚು ಬೆವರುತ್ತಿದ್ದಳು. ವೆರ್ನರ್ ಪೈಪು ಊದಿದರು. ಶುರುವಾಯಿತು.

ಎರಡನೇ ಚರಣಕ್ಕೆ ಮೂವರೂ ಜಾರಲು ಹತ್ತಿದರು. ನಾನೂ ಜಾರಿದೆ. ಮೂರನೆಯದಕ್ಕೆ ಇನ್ನಷ್ಟು. ಆವತ್ತು ವೆರ್ನರರಿಗೆ ದುಃಖ ಬಂದಿತ್ತೋ ಏನೋ, ಎಂದೂ ಇಳಿಯದಷ್ಟು ಇಳಿದರು. ಪೂರಾ ಒಂದು ಸ್ವರ ಕೆಳಗೆ. ಆದರೆ ನಾಲ್ವರೂ ಕೂಡಿದ್ದೆವು, ಯಾರೂ ಒಂಟಿಯಾಗಿರಲಿಲ್ಲ. ರೋಲ್ಫ್ ಒಮ್ಮೆ ಓರೆಗಣ್ಣಿನಿಂದ ನನ್ನ ಕಡೆ ನೋಡಿದರು. ಕೊನೆಯ ಸಾಲು ಬಂತು. ನಾನು ಮೆಟ್ಟಿಲು ಮೆಟ್ಟಿಲಾಗಿ ಇಳಿದೆ, ನನ್ನ ತಳ ಮುಟ್ಟಿದೆ, ಇನ್ನೂ ಒಂದು ಮೆಟ್ಟಿಲು ಉಳಿದಿತ್ತು. ಉಳಿದ ಮೂವರೂ ತಮ್ಮ ಸ್ವರ ಹಿಡಿದು ಕಾಯುತ್ತಿದ್ದರು. ಯೋಚಿಸಲು ಹೊತ್ತಿರಲಿಲ್ಲ. ಭುಜ ಬಿಟ್ಟೆ, ದವಡೆ ಬಿಟ್ಟೆ, ಮಾನ-ಮರ್ಯಾದೆಯನ್ನೂ ಬಿಟ್ಟು ಕೆಳಗೆ ಹೋದೆ. ಸ್ವರ ಬಂತು. ಚೆಂದವೇನೂ ಇರಲಿಲ್ಲ, ಒರಟಾಗಿತ್ತು. ಆದರೆ ನಿಂತಿತು, ಮೂವರೂ ಅದರ ಮೇಲೆ ನಿಂತರು. ಮೇಜಿನ ಮೇಲಿನ ಚಮಚೆಗಳು ಬಸಿಗಳಲ್ಲಿ ಸಣ್ಣಗೆ ಸದ್ದು ಮಾಡಿದವು.

ಚಪ್ಪಾಳೆ ಬಿತ್ತು. ವೆರ್ನರ್ ಕಣ್ಣು ಒರೆಸಿಕೊಂಡರು. ರೋಲ್ಫ್ ನನ್ನ ಬಳಿ ಬಂದು, ಕೈ ಕುಲುಕಿ, ನೆಲದ ಕಡೆ ಬೆರಳು ತೋರಿಸಿ, "ಅಂಗಾಲಿಗೆ ತಿಳೀತು. ಥೇಟ್ ಹಾರ್ಸ್ಟನಂಗ. ಮಂಗಳವಾರ ತಡಾ ಮಾಡಬ್ಯಾಡ" ಎಂದು ಕೇಕಿನ ಕಡೆ ನಡೆದರು. ನನಗೆ ಸಂತೋಷ ತಡೆಯಲಾಗಲಿಲ್ಲ. ಸುಜಾತಾಳಂತೂ ಗುರುತಿಲ್ಲದವರಿಗೆಲ್ಲ ಕಾಫಿ ಬಗ್ಗಿಸಿ ಕೊಡುತ್ತಿದ್ದಳು.

ಹಾರ್ಸ್ಟ್ ಚಪ್ಪಾಳೆ ತಟ್ಟಿರಲಿಲ್ಲ. ಬೆರಳಿನಿಂದ ನನ್ನನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡರು. ಪ್ಯಾಡು ತೆಗೆದು, ಇನ್ನೊಂದು ಕೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ ಮುಚ್ಚಿಕೊಂಡು ಬರೆದರು. ಆಮೇಲೆ ನನಗೊಬ್ಬನಿಗೇ ಕಾಣುವಂತೆ ತಿರುಗಿಸಿದರು.

'ಅಷ್ಟು ಇಳದ ದಿನ ನನಗ ಆ ಸ್ವರ ಒಮ್ಮೆಯೂ ಬಂದಿಲ್ಲ. ಬರೇ ಬಾಯಿ ತೆರೀತಿದ್ದೆ. ರೋಲ್ಫಗ ಹೇಳಬ್ಯಾಡ.'

ನಾನು ಓದಿ ಮುಗಿಸುವಷ್ಟರಲ್ಲಿ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ, ಕೇಕಿನ ಬಸಿಯ ಕೆಳಗೆ ತಳ್ಳಿಬಿಟ್ಟರು. ಭುಜ ಕುಣಿಯುತ್ತಿತ್ತು, ಸದ್ದಿಲ್ಲದೆ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲಿಯವರೆಗೆ ರೋಲ್ಫ್‌ಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ನಿಮಗೆ ಹೇಳಿದೆ.